ಹೆಸರಿಲ್ಲದವಳ ಎದುರಿನ ಬೆಂಚು

ಬದುಕಿನ ಅರ್ಧಕ್ಕಿಂತ ಹೆಚ್ಚು ಕಾಲವನ್ನು ವಾಷಿಂಗ್ಟನ್ನಿನ ಆಸುಪಾಸಿನಲ್ಲೇ ಕಳೆದಿದ್ದೇನೆ. ಆದರೂ ಆ ಊರಿನ ಕಂಚಿನ ಮನುಷ್ಯರಲ್ಲಿ ಒಬ್ಬರ ಹೆಸರೂ ನನಗೆ ನೆಟ್ಟಗೆ ಗೊತ್ತಿಲ್ಲ. ಒಂದು ಸರ್ಕಲ್ ಬಂತೆಂದರೆ ಅಲ್ಲೊಬ್ಬ ಕುದುರೆ ಏರಿ ಕೂತಿರುತ್ತಾನೆ. ಕುದುರೆಯ ಮುಂಗಾಲು ಮೇಲಿದ್ದರೆ ಸವಾರ ಯುದ್ಧದಲ್ಲಿ ಸತ್ತ ಎಂದು ಅರ್ಥ ಎನ್ನುವವರಿದ್ದಾರೆ, ಅದೆಲ್ಲ ಕಟ್ಟುಕತೆ ಎನ್ನುವವರೂ ಇದ್ದಾರೆ. ನಾನು ಸಿಗ್ನಲ್ ಹಸಿರಾಗುವವರೆಗೆ ಕುದುರೆಯ ಹೊಟ್ಟೆ ನೋಡುತ್ತ ನಿಂತು, ಆಮೇಲೆ ಮುಂದೆ ಹೋದವನು. ಪೀಠದ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಕೊರೆದಿರುತ್ತಾರೆ. ಓದಿದ್ದೇನೆ, ಮರೆತಿದ್ದೇನೆ. ನನಗೆ ಚೆನ್ನಾಗಿ ಪರಿಚಯವಿರುವ ಕಂಚಿನ ವ್ಯಕ್ತಿ ಇಡೀ ಊರಿಗೆ ಒಬ್ಬಳೇ. ಅವಳಿಗೆ ಹೆಸರಿಲ್ಲ.

ಊರಿನ ಉತ್ತರಕ್ಕೆ ರಾಕ್ ಕ್ರೀಕ್ ಎಂಬ ಹಳೆಯ ಸ್ಮಶಾನವಿದೆ. ಅಲ್ಲಿ ಮರಗಳ ಮರೆಯಲ್ಲಿ ಅವಳು ಕೂತಿದ್ದಾಳೆ. ಬೆನ್ನಿಗೆ ಒಂದು ಗ್ರಾನೈಟ್ ಕಲ್ಲು. ತಲೆಯಿಂದ ಪಾದದವರೆಗೆ ಒಂದೇ ಹೊದಿಕೆ. ಮುಖ ಮತ್ತು ಗಲ್ಲದ ಹತ್ತಿರ ಬಂದು ನಿಂತ ಬಲಗೈ ಮಾತ್ರ ಹೊರಗೆ ಕಾಣುತ್ತವೆ. ಕಣ್ಣು ಪೂರ್ತಿ ಮುಚ್ಚಿಲ್ಲ, ತೆರೆದೂ ಇಲ್ಲ. 'ಅವಳು' ಎನ್ನುವುದು ನನ್ನ ರೂಢಿ ಅಷ್ಟೇ, ಗಂಡೋ ಹೆಣ್ಣೋ ಎಂದು ಶಿಲ್ಪಿ ಬೇಕೆಂದೇ ಹೇಳದೆ ಬಿಟ್ಟಿದ್ದಾನೆ. ಹಿಂದೆ ಮುಂದೆ ಎಲ್ಲಿ ಹುಡುಕಿದರೂ ಒಂದು ಅಕ್ಷರ ಸಿಗುವುದಿಲ್ಲ. ಯಾರ ಸಮಾಧಿ, ಯಾವಾಗ ಹುಟ್ಟಿದರು, ಯಾವಾಗ ಹೋದರು, ಏನೂ ಇಲ್ಲ. ಎದುರಿಗೆ ಕೂತುಕೊಳ್ಳಲು ಒಂದು ಕಲ್ಲಿನ ಬೆಂಚು ಇದೆ.

ಇದರ ಕತೆ ಹೀಗೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಊರಿನಲ್ಲಿ ಒಬ್ಬ ಇತಿಹಾಸಕಾರನಿದ್ದ. ದೊಡ್ಡ ಮನೆತನ, ದೊಡ್ಡ ಓದು. ಹೆಂಡತಿ ಮಾತಿನಲ್ಲಿ ಚುರುಕು, ಫೋಟೋ ತೆಗೆಯುವುದರಲ್ಲಿ ಜಾಣೆ. ತಂದೆ ತೀರಿಕೊಂಡ ದುಃಖದಿಂದ ಮೇಲೇಳಲಾರದೆ, ಅದೇ ವರ್ಷದ ಚಳಿಗಾಲದಲ್ಲಿ ಅವಳು ತನ್ನ ಜೀವವನ್ನು ತಾನೇ ತೆಗೆದುಕೊಂಡಳು. ಗಂಡ ಒಬ್ಬ ಹೆಸರಾಂತ ಶಿಲ್ಪಿಯನ್ನು ಕರೆದು, ಬೌದ್ಧರ ಮೂರ್ತಿಗಳ ಚಿತ್ರಗಳನ್ನು ನೋಡಿಕೊಂಡು ಅವಳ ಸಮಾಧಿಗೆ ಏನಾದರೂ ಮಾಡು ಎಂದು ಹೇಳಿ, ದಕ್ಷಿಣ ಸಮುದ್ರದ ದ್ವೀಪಗಳ ಕಡೆ ಪ್ರವಾಸ ಹೊರಟುಬಿಟ್ಟ. ಅವನು ತಿರುಗಿ ಬರುವ ಹೊತ್ತಿಗೆ ಇವಳು ಬಂದು ಕೂತಾಗಿತ್ತು. ಜನ ನೋಡಿದ ಕೂಡಲೇ 'ಶೋಕ' ಎಂದು ಹೆಸರಿಟ್ಟರು. ಅವನಿಗೆ ಅದು ಸರಿಬರಲಿಲ್ಲ. ಹಾಗಾದರೆ ಇದರ ಅರ್ಥವೇನು ಎಂದರೆ ಅದನ್ನೂ ಹೇಳುತ್ತಿರಲಿಲ್ಲ. ಆಗಾಗ ಹೋಗಿ ಆ ಬೆಂಚಿನ ಮೇಲೆ ಕೂತು, ನೋಡಲು ಬಂದವರು ಏನೇನು ಅರ್ಥ ಹಚ್ಚುತ್ತಾರೆಂದು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದನಂತೆ. ಈಗ ಅವನೂ ಅಲ್ಲೇ ಹೆಂಡತಿಯ ಪಕ್ಕದಲ್ಲಿ, ತಾನೂ ಹೆಸರಿಲ್ಲದೆ ಮಲಗಿದ್ದಾನೆ.

ನನ್ನನ್ನು ಅಲ್ಲಿಗೆ ಮೊದಲು ಕರೆದುಕೊಂಡು ಹೋದವಳು ನನ್ನ ಹೆಂಡತಿ. ಅವಳು ಫೇರ್‌ಫ್ಯಾಕ್ಸಿನ ಒಂದು ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದಳು. ಜನ ಹಿಂತಿರುಗಿಸಿದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವ ಮೊದಲು ತಾನೊಂದು ಸಲ ತಿರುವಿ ನೋಡುವುದು ಅವಳ ಚಟ. ಹಾಗೆ ಯಾವುದೋ ಪುಸ್ತಕದಲ್ಲಿ ಈ ಪ್ರತಿಮೆ ಸಿಕ್ಕಿತ್ತು. ಆ ವರ್ಷ ಅವಳ ತಾಯಿ ಮೈಸೂರಿನಿಂದ ಬಂದು ನಮ್ಮ ಜೊತೆ ಆರು ತಿಂಗಳು ಇದ್ದರು. ಬಿಳಿ ಗುಮ್ಮಟ, ಬಿಳಿ ಕಂಬ, ವಿಮಾನಗಳ ಮ್ಯೂಸಿಯಂ ಎಲ್ಲ ಮುಗಿದಿತ್ತು. ಇವತ್ತು ಒಂದು ತೋಟಕ್ಕೆ ಹೋಗೋಣ ಎಂದು ನನ್ನ ಹೆಂಡತಿ ತಾಯಿಗೆ ಹೇಳಿದಳು. ಸ್ಮಶಾನ ಎಂದಿದ್ದರೆ ನಮ್ಮತ್ತೆ ಕಾರಿನಿಂದ ಕೆಳಗಿಳಿಯುತ್ತಿರಲಿಲ್ಲ.

ಅತ್ತೆಯವರ ಕಣ್ಣಿನ ಪೊರೆಯ ಆಪರೇಷನ್ ಇನ್ನೂ ಆಗಿರಲಿಲ್ಲ. ಮರಗಳ ನಡುವಿನಿಂದ ಒಳಗೆ ಕಾಲಿಟ್ಟವರು ಥಟ್ಟನೆ ನಿಂತರು. ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಮಗಳ ಕೈ ಹಿಡಿದು ಹಿಂದಕ್ಕೆ ಎಳೆದರು. "ದೂರ ನಿಲ್ಲೇ ಪುಟ್ಟಿ, ಯಾರೋ ಹಿರಿಯರು ಮಡೀಲಿ ಕೂತಿದಾರೆ. ಮುಟ್ಟಿಗಿಟ್ಟೀಯ" ಎಂದರು. ಅಮೆರಿಕದ ರಾಜಧಾನಿಯಲ್ಲಿ, ತಲೆ ತುಂಬ ಹೊದ್ದು, ಒಬ್ಬಳೇ ಮಡಿಯಲ್ಲಿ ಕೂತ ಹೆಂಗಸು ಇರುವುದು ಅವರಿಗೆ ಸ್ವಲ್ಪವೂ ವಿಚಿತ್ರವಾಗಿ ಕಾಣಲಿಲ್ಲ. ದೂರದಿಂದಲೇ ಕೈಮುಗಿದರು. ಎಷ್ಟು ಹೊತ್ತಾದರೂ ಅಲ್ಲಾಡುತ್ತಿಲ್ಲವಲ್ಲ, ಜಪಕ್ಕೆ ಕೂತಿರಬೇಕು ಎಂದು ನನಗೂ ವಿವರಿಸಿದರು. ನನ್ನ ಹೆಂಡತಿ ನಗು ತಡೆಯಲಾರದೆ ಬೆಂಚಿನ ಮೇಲೆ ಕುಸಿದು ಕೂತಳು.

ಆಮೇಲೆ ನಿಜ ತಿಳಿದಾಗ ಆದ ರಾದ್ಧಾಂತವನ್ನು ನೀವೇ ಊಹಿಸಿಕೊಳ್ಳಬಹುದು. ಮನೆಗೆ ಬಂದವರೇ ಎಲ್ಲರಿಗೂ ತಲೆಗೆ ಸ್ನಾನ ಮಾಡಿಸಿದರು. ಕಾರಿನ ಸೀಟಿಗೂ ನೀರು ಚಿಮುಕಿಸಿದರು. ಆದರೆ ತಲೆ ಒರೆಸಿಕೊಳ್ಳುತ್ತ ಮಗಳಿಗೆ ಒಂದು ಮಾತು ಹೇಳಿದರು: "ಅವಳು ಅಳ್ತಾ ಇಲ್ಲ ಕಣೇ. ಅತ್ತಿದ್ದು ಮುಗಿದಿದೆ." ಆ ಪ್ರತಿಮೆಯ ಬಗ್ಗೆ ಪಂಡಿತರು ಬರೆದದ್ದನ್ನು ಆಮೇಲೆ ನಾನೂ ಅಷ್ಟಿಷ್ಟು ಓದಿದ್ದೇನೆ. ಅರ್ಧ ಮಬ್ಬುಗಣ್ಣಿನ ಆ ಮುದುಕಿ ಕಂಡದ್ದರ ಹತ್ತಿರಕ್ಕೆ ಬಂದವರು ಕಡಿಮೆ.

ಅವತ್ತು ಅಲ್ಲಿ ನನ್ನ ಹೆಂಡತಿಯೂ ಒಂದು ಮಾತು ಹೇಳಿದ್ದಳು. ನಗು ನಿಂತ ಮೇಲೆ, ಚಪ್ಪಲಿ ಕಳಚಿ ಬೆಂಚಿನ ಮೇಲೆ ಕಾಲು ಮಡಚಿ ಕೂತು, ಪ್ರತಿಮೆಯನ್ನೇ ನೋಡುತ್ತ, "ನೋಡ್ರೀ, ಒಂದು ಹೆಸರೂ ಇಲ್ಲ. ಎಷ್ಟು ಹಾಯಾಗಿ ಕೂತಿದಾಳೆ" ಎಂದಳು. ನಾನು ಹ್ಞೂಂಗುಟ್ಟಿದೆ. ಕಾರು ನಿಲ್ಲಿಸಿದ ಜಾಗ ಸರಿಯೋ ಇಲ್ಲವೋ ಎಂಬ ಚಿಂತೆ ನನಗೆ.

ಅವಳು ಹಾಗೆ ಹೇಳುವುದಕ್ಕೆ ಕಾರಣವಿತ್ತು, ಯಾಕೆಂದರೆ ಅವಳಿಗೆ ಹೆಸರುಗಳ ಕೊರತೆ ಇರಲಿಲ್ಲ. ಹುಟ್ಟಿದಾಗ ತಂದೆತಾಯಿ ಇಟ್ಟದ್ದು ಶಾರದಾ ಎಂದು. ದುರದೃಷ್ಟವಶಾತ್ ನನ್ನ ತಾಯಿಯ ಹೆಸರೂ ಶಾರದಾ. ಸೊಸೆಯನ್ನು ಗದರಿದರೆ ಅತ್ತೆಯನ್ನೇ ಗದರಿದ ಹಾಗಾಗುತ್ತದೆಂದು ಹಿರಿಯರು ಸೇರಿ ಮದುವೆಯ ದಿನ ಹೆಸರು ಬದಲಾಯಿಸಿದರು. ನಮ್ಮ ಮನೆಯಲ್ಲಿ ಇದಕ್ಕೊಂದು ಶಾಸ್ತ್ರ ಇದೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗನ ಕೈಗೆ ಚಿನ್ನದ ಉಂಗುರ ಕೊಟ್ಟು, ಹೊಸ ಹೆಸರನ್ನು ಬರೆಯಿಸುತ್ತಾರೆ. 'ವಸುಧಾ' ಎಂದು ಬರೆಯಬೇಕಿತ್ತು. ನಾನು ದೊಡ್ಡದಾಗಿ 'ವ' ಬರೆದು, ಅದಕ್ಕಿಂತ ದೊಡ್ಡದಾಗಿ 'ಸು' ಬರೆದು, 'ಧಾ' ಬರೆಯಲು ಜಾಗ ಸಾಲದೆ ತಟ್ಟೆಯ ಅಂಚಿಗೆ ಒತ್ತಿದೆ. ಇಂಜಿನಿಯರಂತೆ, ಅಂದಾಜು ನೋಡಿ ಎಂದು ಎಲ್ಲರೂ ನಕ್ಕರು. ಮರುದಿನ ಆ ಅಕ್ಕಿ ಪಾಯಸವಾಯಿತು, ನಾನೂ ಎರಡು ಲೋಟ ಕುಡಿದೆ.

ಅಮೆರಿಕಕ್ಕೆ ಹೊರಟಾಗ ಶಾಲೆಯ ಸರ್ಟಿಫಿಕೇಟಿನಲ್ಲಿ ಶಾರದಾ ಎಂದೇ ಇದ್ದುದರಿಂದ ಪಾಸ್‌ಪೋರ್ಟಿನಲ್ಲಿ ಹಳೆಯ ಹೆಸರು ಮತ್ತೆ ಎದ್ದು ಬಂತು. ಅದರ ಬಾಲಕ್ಕೆ ನನ್ನ ಹೆಸರು ಸೇರಿ ಶಾರದಾ ರಂಗನಾಥ ಆಯಿತು. ಲೈಬ್ರರಿಯಲ್ಲಿ ಅದು ನಾಲಿಗೆಗೆ ಉದ್ದವಾಯಿತೆಂದು ಶ್ಯಾರಿ ಎಂದರು. ಊರಿನಿಂದ ನನ್ನ ತಮ್ಮಂದಿರು ಫೋನ್ ಮಾಡಿದರೆ ವಸುಧತ್ತಿಗೆ. ಅವಳ ತಾಯಿಗೆ ಕೊನೆಯವರೆಗೂ ಪುಟ್ಟಿ. ಇಲ್ಲಿನ ಕನ್ನಡದ ಮಕ್ಕಳಿಗೆಲ್ಲ ಬರೀ ಆಂಟಿ. ಊರಿಗೊಂದು ಸಿಮ್ ಕಾರ್ಡ್ ಇಟ್ಟುಕೊಂಡವರ ಹಾಗೆ ಅವಳು ಎದುರಿಗೆ ಯಾರಿದ್ದಾರೆಂದು ನೋಡಿ ಯಾವ ಹೆಸರಿಗೆ ಓಗೊಡಬೇಕೆಂದು ತೀರ್ಮಾನಿಸುತ್ತಿದ್ದಳು.

ನನ್ನ ಪಾಲಿಗೆ ಇದರಲ್ಲಿ ಯಾವುದೂ ದಕ್ಕಲಿಲ್ಲ. ಶಾರದಾ ಎನ್ನೋಣವೆಂದರೆ ಹೆತ್ತ ತಾಯಿಯನ್ನು ಹೆಸರು ಹಿಡಿದು ಕೂಗಿದ ಹಾಗಾಗುತ್ತಿತ್ತು. ವಸುಧಾ ಎನ್ನಲು ನಾಚಿಕೆ. ನಮ್ಮ ಕಾಲದಲ್ಲಿ ಹಿರಿಯರಿದ್ದ ಮನೆಯಲ್ಲಿ ಹೆಂಡತಿಯನ್ನು ಹೆಸರಿಟ್ಟು ಕರೆಯುವುದು ಅಧಿಕಪ್ರಸಂಗ. ಹಿರಿಯರೆಲ್ಲ ಏಳು ಸಮುದ್ರದಾಚೆ ಉಳಿದರೂ ನಾಲಿಗೆ ಅವರ ಎದುರೇ ಇತ್ತು. ಹಾಗಾಗಿ 'ನೋಡು', 'ಕೇಳಿಸ್ತಾ' ಎಂದು ಕೆಲಸ ಸಾಗಿಸಿದೆ. ಜನರಿದ್ದ ಕಡೆ ಅದೂ ಇಲ್ಲ, ಒಂದು ಕೆಮ್ಮು. ಮೇರಿಲ್ಯಾಂಡಿನ ದೇವಸ್ಥಾನದಲ್ಲಿ ಹಬ್ಬದ ದಿನ ಎಷ್ಟೇ ಜನ ಸೇರಿರಲಿ, ಈ ಮೂಲೆಯಿಂದ ನಾನು ಕೆಮ್ಮಿದರೆ ಆ ಮೂಲೆಯಿಂದ ಅವಳು ತಿರುಗಿ ನೋಡುತ್ತಿದ್ದಳು. ಅಷ್ಟು ಜನ ಗಂಡಸರ ಕೆಮ್ಮಿನಲ್ಲಿ ನನ್ನದನ್ನು ಹೇಗೆ ಆರಿಸಿಕೊಳ್ಳುತ್ತಿದ್ದಳೋ ಕಾಣೆ. ನನಗೆ ಅದರ ಬಗ್ಗೆ ಹೆಮ್ಮೆಯೇ ಇತ್ತು ಎನ್ನಬೇಕು.

ಕೊರೊನಾದ ಮೊದಲ ಬೇಸಿಗೆಯಲ್ಲಿ ಈ ವಿದ್ಯೆ ಕೈಕೊಟ್ಟಿತು. ಇಂಡಿಯನ್ ಅಂಗಡಿಯಲ್ಲಿ, ಮೂಗುಬಾಯಿ ಕಟ್ಟಿಕೊಂಡು, ಅವಳು ಬೇಳೆಯ ಸಾಲಿನಲ್ಲಿ, ನಾನು ಹಿಟ್ಟಿನ ಸಾಲಿನಲ್ಲಿ. ಗೋಧಿಹಿಟ್ಟು ಯಾವುದು ತರಲಿ ಎಂದು ಕೇಳಲು ಅಭ್ಯಾಸದಂತೆ ಕೆಮ್ಮಿದೆ. ಸಾಲಿನಲ್ಲಿದ್ದವರು ಗಾಡಿಗಳನ್ನು ಬಿಟ್ಟು ಓಡಿದರು. ಅಂಗಡಿಯವನು ದೂರದಿಂದಲೇ, ಅಂಕಲ್, ದಯವಿಟ್ಟು ಹೊರಗೆ ನಿಲ್ಲಿ ಎಂದ. ಹಿಟ್ಟು ಮತ್ತು ಬೇಳೆ ಎರಡನ್ನೂ ಹೊತ್ತು ಅವಳು ಹೊರಗೆ ಬಂದಾಗ ಕಣ್ಣಿನಲ್ಲಿ ನೀರು ಬರುವಷ್ಟು ನಗುತ್ತಿದ್ದಳು. "ಇನ್ಮೇಲಾದ್ರೂ ಹೆಸರು ಕಲ್ತ್ಕೊಳ್ಳಿ" ಎಂದಳು. ನಾನೂ ನಕ್ಕೆ. ಅವಳು ನನ್ನನ್ನು 'ರೀ' ಎನ್ನುತ್ತಿದ್ದಳೇ ಹೊರತು ಅವಳೂ ಹೆಸರು ಹೇಳಿದವಳಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ಹಿಂದಿನವರು ನಂಬಿದ್ದರು. ಆ ಲೆಕ್ಕದಲ್ಲಿ ನಾನು ಹೆಸರು ಹೇಳದೆ ಇದ್ದದ್ದಕ್ಕೆ ಅವಳು ನೂರು ವರ್ಷ ಬಾಳಬೇಕಿತ್ತು.

ಮಾತು ಎಲ್ಲಿಗೋ ಹೋಯಿತು. ಪ್ರತಿಮೆಗೆ ಬರುತ್ತೇನೆ. ನಿಮಗೆ ಗೊತ್ತಿರಲಿ, ಇವಳಿಗೊಂದು ನಕಲೂ ಇದೆ. ಯಾರೋ ಅನುಮತಿ ಕೇಳದೆ ಮಾಡಿಸಿದ್ದು. ಅದು ಬಹಳ ವರ್ಷ ಬಾಲ್ಟಿಮೋರ್ ಕಡೆಯ ಒಂದು ಸ್ಮಶಾನದಲ್ಲಿತ್ತು. ಹೆಸರಿಡದೆ ಬಿಟ್ಟರೆ ಜನ ಸುಮ್ಮನಿರುತ್ತಾರೆಯೇ? ಅದಕ್ಕೊಂದು ಅಡ್ಡಹೆಸರಿಟ್ಟು ದೆವ್ವ ಮಾಡಿದರು. ರಾತ್ರಿ ಕಣ್ಣು ಕೆಂಪಾಗುತ್ತದಂತೆ, ಮಡಿಲಲ್ಲಿ ಕೂತವರು ಬದುಕುವುದಿಲ್ಲವಂತೆ. ಕಾಲೇಜಿನ ಹುಡುಗರು ಪಂಥ ಕಟ್ಟಿ ಹೋಗಿ ಕೂರತೊಡಗಿದಾಗ ಕಾಟ ತಡೆಯಲಾರದೆ ಅದನ್ನು ಅಲ್ಲಿಂದ ಎತ್ತಿಸಿದರು. ಕೊನೆಗೆ ಅದು ವಾಷಿಂಗ್ಟನ್ನಿನ ಒಂದು ಸರ್ಕಾರಿ ಕಟ್ಟಡದ ಅಂಗಳಕ್ಕೆ ಬಂತು. ನಾನು ಕಾಂಟ್ರಾಕ್ಟರ್ ಆಗಿ ದುಡಿಯುತ್ತಿದ್ದ ಆಫೀಸಿನಿಂದ ಆ ಅಂಗಳಕ್ಕೆ ಐದು ನಿಮಿಷದ ದಾರಿ. ನೆರಳಿದೆ, ಗದ್ದಲವಿಲ್ಲ ಎಂದು ಮಧ್ಯಾಹ್ನ ಅಲ್ಲಿಗೆ ಹೋಗಿ, ಹೆಂಡತಿ ಕಟ್ಟಿಕೊಟ್ಟ ಮೊಸರನ್ನವನ್ನು ಮಾವಿನಕಾಯಿ ಉಪ್ಪಿನಕಾಯಿಯ ಜೊತೆ ಎಷ್ಟೋ ವರ್ಷ ತಿಂದಿದ್ದೇನೆ. ಬೆಂಚು ಒದ್ದೆಯಿದ್ದ ದಿನ ಊಟದ ಚೀಲವನ್ನು ಆ ಮಡಿಲಲ್ಲೇ ಇಟ್ಟದ್ದುಂಟು. ಅದು ಯಾರ ನಕಲು, ಎಂಥ ದೆವ್ವ ಎಂದು ತಿಳಿದದ್ದು ನಿವೃತ್ತಿಯಾದ ಮೇಲೆ. ನನ್ನ ಹೆಂಡತಿಗೆ ಹೇಳಿದಾಗ, ದೆವ್ವಕ್ಕೂ ಮೊಸರನ್ನ ಅಂದರೆ ಬೇಜಾರು ಬಂದಿರಬೇಕು, ಅದಕ್ಕೇ ನಿಮ್ಮನ್ನು ಬಿಟ್ಟಿತು ಎಂದಳು.

ಆದರೆ ಅವಳನ್ನು ಬಿಡಲಿಲ್ಲ. ಅವಳು ಹೋಗಿ ಎರಡು ಚಳಿಗಾಲವಾಯಿತು. ಹೊಟ್ಟೆನೋವು ಎಂದು ಡಾಕ್ಟರ ಬಳಿ ಹೋದದ್ದು ಬೇಸಿಗೆಯ ಕೊನೆಗೆ, ಹಿಮ ಬೀಳುವ ಮುಂಚೆ ಮುಗಿದುಹೋಯಿತು. ನಮ್ಮ ಜನ ಒಳ್ಳೆಯವರು. ದಿನವೂ ಒಬ್ಬರು ಬಾಗಿಲಿಗೆ ಬಿಸಿಬೇಳೆಬಾತು ತಂದಿಟ್ಟರು. ಬಂದವರು ಬಹಳ ಹೊತ್ತು ಕೂತರು, ಸಾವಿನ ಮನೆಯಿಂದ ಹೊರಡುವಾಗ 'ಬರ್ತೀವಿ' ಎನ್ನಬಾರದೆಂದು ಏನೂ ಹೇಳದೆ ಎದ್ದು ಹೋದರು. ಅಸ್ಥಿಯನ್ನು ನಾನೇ ಒಯ್ದು ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಬಿಟ್ಟು ಬಂದೆ. ಕ್ರಮವಾಗಿ ಎಲ್ಲ ಆಯಿತು. ಆದರೂ ಮನೆಗೆ ಬಂದು ಬಾಗಿಲು ತೆಗೆದಾಗ ಒಂದು ಸಲ ಕೆಮ್ಮಿಯೇ ಒಳಗೆ ಬಂದೆ. ಈಗಲೂ ಹಾಗೇ ಬರುತ್ತೇನೆ.

ನನ್ನ ಮಗಳು ಮೇಘನಾ ಎಲಿಕಾಟ್ ಸಿಟಿಯಲ್ಲಿ ಶಾಲೆಯ ಟೀಚರು. ಇಲ್ಲೇ ಹುಟ್ಟಿ ಬೆಳೆದವಳು. ನದಿಗೆ ಬಿಟ್ಟದ್ದು ಅವಳಿಗೆ ಸಮಾಧಾನ ತರಲಿಲ್ಲ. ಅಮ್ಮನನ್ನು ನೋಡಬೇಕು ಎನಿಸಿದರೆ ನಾನು ಎಲ್ಲಿಗೆ ಹೋಗಲಿ ಎಂದು ಕೇಳಿದಳು. ನಾನೂ ಅವಳಮ್ಮನೂ ಸಂಜೆ ವಾಕಿಂಗ್ ಹೋಗುತ್ತಿದ್ದ ಕೆರೆ ಮನೆಯ ಹತ್ತಿರವೇ ಇದೆ. ಅದರ ದಂಡೆಯಲ್ಲಿ ಅಮ್ಮನ ನೆನಪಿಗೆ ಒಂದು ಬೆಂಚು ಹಾಕಿಸೋಣ ಎಂದು ಅವಳೇ ಪಾರ್ಕಿನ ಆಫೀಸಿನವರೊಡನೆ ಮಾತಾಡಿದಳು. ಬೆಂಚಿನ ಬೆನ್ನಿಗೆ ಒಂದು ಸಣ್ಣ ಕಂಚಿನ ಫಲಕ ಕೂರಿಸುತ್ತಾರೆ. ಅದರ ಮೇಲೆ ಏನು ಬರೆಸೋಣ ಎಂದು ನನ್ನನ್ನು ಕೇಳಿದಳು.

ಏನೂ ಬೇಡ ಎಂದೆ. ಹೇಳಿದ ಮೇಲೆ ನನ್ನ ಮಾತು ನನಗೇ ಬಹಳ ಗಂಭೀರವಾಗಿ ಕೇಳಿಸಿತು. ರಾಕ್ ಕ್ರೀಕಿನ ಪ್ರತಿಮೆ, ಹೆಂಡತಿ ಸತ್ತ ಮೇಲೆ ಅವಳ ಮಾತೇ ಎತ್ತದ ಆ ಇತಿಹಾಸಕಾರ, ಎಲ್ಲ ನೆನಪಾಯಿತು. ಅವನ ಸಾಲಿನಲ್ಲಿ ನಾನೂ ಒಬ್ಬ ಮೌನಿಯಾಗಿ ಕೂತಂತೆ ಅನ್ನಿಸಿತು. ಮಗಳು ಒಪ್ಪಲಿಲ್ಲ. ಫೋನಿನಲ್ಲಿ ವಾದ ಬೇಡ, ಬಾ, ತೋರಿಸುತ್ತೇನೆ ಎಂದೆ. ಅವಳು ಆ ಪ್ರತಿಮೆಯನ್ನು ನೋಡಿರಲಿಲ್ಲ.

ಕಳೆದ ಶರತ್ಕಾಲದ ಒಂದು ಶನಿವಾರ ನಾನು ಮೆಟ್ರೋ ಹಿಡಿದು, ಒಂದು ಕಡೆ ರೈಲು ಬದಲಾಯಿಸಿ, ಸ್ಮಶಾನದ ಹತ್ತಿರದ ಸ್ಟೇಷನ್ನಿನಲ್ಲಿ ಇಳಿದೆ. ಅವಳು ಕಾರು ತಂದು ನನ್ನನ್ನು ಹತ್ತಿಸಿಕೊಂಡಳು. ಬೆಳಗ್ಗೆ ಮಳೆ ಬಂದು ನಿಂತಿತ್ತು. ಪ್ರತಿಮೆಯ ಹೊದಿಕೆಯ ಮಡಿಕೆಗಳಲ್ಲಿ ನೀರು ನಿಂತು, ಒಂದು ಓಕ್ ಎಲೆ ಮೊಣಕಾಲಿನ ಮೇಲೆ ಅಂಟಿಕೊಂಡಿತ್ತು. ಬೆಂಚನ್ನು ಕರವಸ್ತ್ರದಿಂದ ಒರೆಸಿ ಇಬ್ಬರೂ ಕೂತೆವು. ನಾನು ನನ್ನ ಭಾಷಣ ಶುರು ಮಾಡಿದೆ. ಬುದ್ಧನ ಶಾಂತಿ, ಹೆಸರಿಗೆ ನಿಲುಕದ ದುಃಖ, ನೋಡಿದವರ ಭಾವಕ್ಕೆ ತಕ್ಕ ಅರ್ಥ. ಅಮೆರಿಕದ ಒಬ್ಬ ಅಧ್ಯಕ್ಷರ ಪತ್ನಿ ತಮ್ಮ ಸಂಸಾರದಲ್ಲಿ ನೊಂದು ಇದೇ ಬೆಂಚಿಗೆ ಬಂದು ಗಂಟೆಗಟ್ಟಲೆ ಕೂರುತ್ತಿದ್ದರಂತೆ ಎಂಬುದನ್ನೂ ಸೇರಿಸಿದೆ. ಮೇಘನಾ ಹೋಮ್‌ವರ್ಕ್ ಮಾಡದೆ ಬಂದ ಹುಡುಗನ ನೆಪಗಳನ್ನು ಕೇಳುವ ಹಾಗೆ ಪೂರ್ತಿ ಕೇಳಿದಳು. ಅವಳು ತನ್ನ ಹೋಮ್‌ವರ್ಕ್ ಮಾಡಿಕೊಂಡು ಬಂದಿದ್ದಳು.

"ಅಪ್ಪ, ಅವನು ತನ್ನ ಲೈಫ್ ಸ್ಟೋರಿ ಬರೆದ, ಅದರಲ್ಲಿ ವೈಫ್ ಇಲ್ವೇ ಇಲ್ಲ. ಮದುವೆ ಆಗಿದ್ದ ವರ್ಷ ಎಲ್ಲಾ ಸ್ಕಿಪ್ ಮಾಡಿದಾನೆ. ಡಿಡ್ ಯು ನೋ ದಟ್?"

ಗೊತ್ತಿತ್ತು. ನನ್ನ ಭಾಷಣದಲ್ಲಿ ಅದನ್ನು ಸೇರಿಸಿರಲಿಲ್ಲ ಅಷ್ಟೇ. ಹೇಳಲಾರದ್ದನ್ನು ಹೇಳದೆ ಬಿಡುವುದೂ ಗೌರವವೇ ಎಂದೆ. ಅದು ಅವನಿಗೆ ಸುಲಭವಾಯಿತು, ಅವನ ಹೆಂಡತಿಗೆ ಏನಾಯಿತು ಎಂದು ಮೇಘನಾ ಕೇಳಿದಳು. ಇಷ್ಟು ಚೆಂದದ ಪ್ರತಿಮೆ ನೋಡಲು ಬಂದವರಿಗೆಲ್ಲ ಗಂಡನ ಹೆಸರು ಗೊತ್ತು, ಶಿಲ್ಪಿಯ ಹೆಸರು ಗೊತ್ತು, ಒಳಗೆ ಮಲಗಿದವಳ ಹೆಸರು ಯಾರಿಗೆ ಗೊತ್ತು ಎಂದಳು. ತನ್ನ ಕ್ಲಾಸಿನಲ್ಲಿ 'ನನ್ನ ಹೆಸರು ಕಷ್ಟ, ಹೇಗೆ ಕರೆದರೂ ಪರವಾಗಿಲ್ಲ' ಎನ್ನುವ ಮಕ್ಕಳು ಪ್ರತಿ ವರ್ಷ ಇರುತ್ತಾರಂತೆ. ಅವರಿಗೆ ಪರವಾಗಿಲ್ಲ ಎಂದು ತಾನು ಒಂದು ದಿನವೂ ನಂಬಿಲ್ಲ ಎಂದಳು.

ನನ್ನ ಕೈಯಲ್ಲಿ ಉಳಿದಿದ್ದು ಒಂದೇ ಅಸ್ತ್ರ. ಅಮ್ಮನೇ ಈ ಬೆಂಚಿನ ಮೇಲೆ ಕೂತು ಹೇಳಿದ ಮಾತು. ಒಂದು ಹೆಸರೂ ಇಲ್ಲ, ಎಷ್ಟು ಹಾಯಾಗಿ ಕೂತಿದಾಳೆ. ಹೆಸರುಗಳ ಕಾಟ ಸಾಕಾಗಿ ಅವಳೇ ಹಾಗೆ ಬಯಸಿದ್ದಳು, ಈಗಲಾದರೂ ಹಾಗೇ ಇರಲಿ ಎಂದೆ. ಗೆದ್ದೆ ಎಂದುಕೊಂಡೆ.

ಮೇಘನಾ ಎದ್ದು ಹೋಗಿ ಪ್ರತಿಮೆಯ ಮೊಣಕಾಲಿಗೆ ಅಂಟಿದ್ದ ಎಲೆಯನ್ನು ತೆಗೆದು ಬಂದಳು. ಅವಳ ಅಜ್ಜಿ ಮಡಿಯೆಂದು ದೂರ ನಿಂತಲ್ಲಿ ಮೊಮ್ಮಗಳು ಸಲೀಸಾಗಿ ಮುಟ್ಟಿ ಬಂದದ್ದನ್ನು ನೋಡಿ ನನಗೆ ಆ ಕತೆ ಹೇಳಬೇಕೆನಿಸಿತು. ಅಷ್ಟರಲ್ಲಿ ಅವಳು ಮೆಲ್ಲಗೆ ಹೇಳಿದಳು.

"ಅಮ್ಮ ಅದನ್ನ ಸ್ಟ್ಯಾಚ್ಯೂ ನೋಡಿ ಹೇಳಿದ್ದು ಅಲ್ಲ, ಅಪ್ಪ. ನಿಂಗೆ ಹೇಳಿದ್ದು."

ನಾನು ಪ್ರತಿಮೆಯನ್ನು ನೋಡಿದೆ. ಅದರ ಮುಖದಲ್ಲಿ ಏನೂ ಬದಲಾಗಿರಲಿಲ್ಲ. ನನ್ನ ಮಗಳು ಹೇಳಿದ್ದು ಸರಿಯಿರಬಹುದು, ಸರಿಯಿಲ್ಲದೆಯೂ ಇರಬಹುದು. ತಮಾಷೆಗೆ ಆಡಿದ ಮಾತಿಗೆ ನಾವಿಬ್ಬರೂ ಅರ್ಥ ಕಟ್ಟುತ್ತಿರಬಹುದು. ಕೇಳೋಣವೆಂದರೆ ಹೇಳುವವಳು ಇಲ್ಲ. ಆ ಇತಿಹಾಸಕಾರ ಇಷ್ಟು ದೊಡ್ಡ ಕಂಚನ್ನು ಕೂರಿಸಿ, ಅದರ ಎದುರು ತಾನೂ ಕೂತು, ಬಂದವರ ಮಾತುಗಳಿಗೆ ಕಿವಿಗೊಡುತ್ತಿದ್ದುದು ಯಾಕೆಂದು ಆಗ ನನಗೆ ಸ್ವಲ್ಪ ತಿಳಿಯಿತು. ಅದು ಗಾಂಭೀರ್ಯವಲ್ಲ, ತತ್ತ್ವವೂ ಅಲ್ಲ. ಹೆಂಡತಿ ಹೇಳಿ ಹೋದದ್ದೇನೆಂದು ಅವನಿಗೆ ತಿಳಿಯಲಿಲ್ಲ. ದಾರಿಯಲ್ಲಿ ಹೋಗುವವರು ಯಾರಾದರೂ ಹೇಳಬಹುದೆಂದು ಕಾಯುತ್ತಿದ್ದ. ನನಗೆ ಅಳು ಬಂತು. ಮಗಳೆದುರು ಅಳಬಾರದೆಂದು ಕೆಮ್ಮಿದೆ. ಕೆಮ್ಮಿದವನು ಅಭ್ಯಾಸಬಲದಿಂದ ತಲೆಯೆತ್ತಿ, ಯಾರಾದರೂ ತಿರುಗಿ ನೋಡುತ್ತಾರೇನೋ ಎಂದು ಕಾದೆ.

ಮೇಘನಾ ನನ್ನ ಕೈ ಹಿಡಿದುಕೊಂಡಳು. ಹೆಸರು ಹಾಕಿಸೋಣ ಎಂದೆ. ಯಾವ ಹೆಸರು ಎಂದು ಅವಳು ಕೇಳಲಿಲ್ಲ. ಅದನ್ನು ನೀನೇ ಹೇಳಬೇಕು, ನಾನು ಹೇಳುವುದಿಲ್ಲ ಎಂದಳು. ಟೀಚರುಗಳ ಮನೆಯಲ್ಲಿ ಹುಟ್ಟಬಾರದು ಎನ್ನುತ್ತಾರೆ, ಟೀಚರನ್ನು ಹುಟ್ಟಿಸಲೂಬಾರದು.

ಹಲವು ವಾರ ಈ ಪ್ರಶ್ನೆಯ ಜೊತೆ ಕಾಲ ಕಳೆದೆ. ವಸುಧಾ ಒಳ್ಳೆಯ ಹೆಸರು, ನಾನೇ ಬರೆದದ್ದು. ಆದರೆ ಅವಳ ಕೈಗೆ ಉಂಗುರ ಕೊಟ್ಟು ನಿನಗೆ ಬೇಕಾದದ್ದು ಬರೆದುಕೋ ಎಂದು ಯಾರೂ ಹೇಳಿರಲಿಲ್ಲ. ಅವಳು ಬರುವಾಗ ತಂದದ್ದು ಶಾರದಾ. ಅದನ್ನು ನಮ್ಮ ಹೊಸ್ತಿಲಲ್ಲಿ ಇಳಿಸಿಕೊಂಡೆವು. ಹಾಗಾದರೆ ಅದೇ ಇರಲಿ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಒಂದು ದಿನ ಅಡಿಗೆಮನೆಯಲ್ಲಿ ನಿಂತು ಹೇಳಿ ನೋಡಲು ಹೊರಟೆ. ಬಾಯಿ ತೆರೆದೆ, ಸ್ವರ ಬರಲಿಲ್ಲ. ಹೇಳಿದರೆ ದೇವರ ಕೋಣೆಯಿಂದ ನನ್ನ ತಾಯಿ 'ಏನೋ?' ಎಂದು ಬಂದುಬಿಡುತ್ತಾರೆಂಬ ಭಯ. ಎಪ್ಪತ್ತರ ಹತ್ತಿರದ ಗಂಡಸು ತನ್ನ ಮನೆಯ ಒಲೆಯ ಮುಂದೆ ಮೂರಕ್ಷರಕ್ಕೆ ಬೆವರಿದ್ದನ್ನು ನೀವು ಯಾರಿಗೂ ಹೇಳಬೇಡಿ. ಕೊನೆಗೆ ಹೇಡಿಗಳ ದಾರಿ ಹಿಡಿದೆ. ಪಾರ್ಕಿನ ಆಫೀಸಿಗೆ ಈಮೇಲ್ ಮಾಡಿದೆ. ಬೆರಳಿಗೆ ನಾಚಿಕೆಯಿಲ್ಲ.

ಎರಡು ದಿನದ ಮೇಲೆ ಅಲ್ಲಿಂದ ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ, ಕೆರೊಲಿನಾ ಕಡೆಯ ಎಳೆದು ಆಡುವ ಮಾತು, ಅಪರಿಚಿತರನ್ನೂ 'ಹನಿ' ಎಂದು ಕರೆಯುವ ಪೈಕಿ. ಫಲಕಕ್ಕೆ ಬೇಕಾದ ಅಕ್ಷರಗಳು ಸಿಕ್ಕಿವೆ ಎಂದರು. ಆದರೆ ಬೆಂಚು ಕೂರಿಸುವ ದಿನ ಬಂದವರ ಎದುರು ತಾವು ಅದನ್ನು ಒಮ್ಮೆ ಗಟ್ಟಿಯಾಗಿ ಓದುವ ವಾಡಿಕೆಯಿದೆಯಂತೆ, ತಪ್ಪು ತಪ್ಪಾಗಿ ಓದಿದರೆ ಹೋದವರಿಗೆ ಮರ್ಯಾದೆಯಲ್ಲವಂತೆ. "ಹೌ ಡು ಯು ಸೇ ಹರ್ ನೇಮ್, ಹನಿ?" ಎಂದು ಕೇಳಿದರು.

ನನಗೆ ಕೆಮ್ಮು ಬಂತು. ಅವರು ಕಾದರು. ನಿಧಾನವಾಗಲಿ, ಅವಸರವಿಲ್ಲ ಎಂದರು. ನನ್ನ ಹಾಗೆ ಕೆಮ್ಮುವ ಗಂಡಸರು ಅವರಿಗೆ ದಿನವೂ ಸಿಗುತ್ತಾರೋ ಏನೋ. ಕಿಟಕಿಯಾಚೆ ಪಕ್ಕದ ಮನೆಯವರು ಎಲೆ ಗುಡಿಸುತ್ತಿದ್ದರು. ನಾನು ಗೋಡೆಯ ಕಡೆ ತಿರುಗಿ ನಿಂತು ಹೇಳಿದೆ.

"ಶಾರದಾ."

ಅವರು ಒಂದೊಂದೇ ಅಕ್ಷರ ಬಿಡಿಸಿ ಅದನ್ನು ತಮ್ಮ ಬಾಯಲ್ಲಿ ಹೇಳಿ, ಸರಿಯಾಯಿತೇ ಎಂದು ಕೇಳಿದರು. ಸರಿಯಾಗಿಯೇ ಹೇಳಿದ್ದರು. ಆದರೂ ನಾನು ಇನ್ನೊಂದು ಸಲ ಹೇಳಿದೆ.